ಎರ್ನಾ ಕೊಯ್ಯದೆ ಬಿಟ್ಟ ಹುಲ್ಲು

ಎರ್ನಾ ನೋಸ್ಕೆ ನೆಲದ ಮೇಲೆ ನಿಂತದ್ದಕ್ಕಿಂತ ಟ್ರ್ಯಾಕ್ಟರಿನ ಮೇಲೆ ಕೂತದ್ದನ್ನೇ ಮರಕೂಲ್ ಊರಿನ ಜನ ಹೆಚ್ಚು ನೋಡಿದ್ದಾರೆ. ಇಪ್ಪತ್ತಾರು ವರ್ಷ ಪುರಸಭೆಯ ಹುಲ್ಲು ಕೊಯ್ಯುವ ಕೆಲಸ ಅವಳದು. ರಸ್ತೆಯಂಚು, ಶಾಲೆಯ ಬಯಲು, ಸ್ಮಶಾನ, ಕ್ರಿಕೆಟ್ ಮೈದಾನದ ಸುತ್ತಮುತ್ತ, ರೈಲುಹಳಿಯ ಪಕ್ಕದ ಪಟ್ಟಿ, ಎಲ್ಲವೂ ಅವಳ ಪಾಲಿಗೆ. ಆಸ್ಟ್ರೇಲಿಯಾದ ನಮ್ಮ ವಿಮ್ಮೆರಾ ಬಯಲಿನಲ್ಲಿ ವಸಂತ ಶುರುವಾಗುವ ಸೆಪ್ಟೆಂಬರಿನ ಬಿಸಿಲು ಬಿದ್ದರೆ ಸಾಕು, ರೈ ಹುಲ್ಲು ನೋಡನೋಡುತ್ತಿದ್ದಂತೆ ಮೊಣಕಾಲಿಗೆ ಬರುತ್ತದೆ. ಅಕ್ಟೋಬರಿನ ಕೊನೆಗೆ ತೆನೆ ಬಿಚ್ಚಿ ಹೂ ಬಿಡುತ್ತದೆ. ಹೂವೆಂದರೆ ಮುಡಿಯುವ ಹೂವಲ್ಲ; ತೆನೆಯನ್ನು ಬೆರಳಲ್ಲಿ ತಟ್ಟಿದರೆ ಹೊಗೆಯಂತೆ ಏಳುವ ಹಳದಿ ಪುಡಿ. ಹೂ ಬಿಡುವ ಮೊದಲೇ ಕೊಯ್ದರೆ ಆ ಪುಡಿ ಇಲ್ಲ. ಊರಿನ ಅರ್ಧ ಜನರ ಕಣ್ಣು ಮೂಗು ಅವಳ ಯಂತ್ರದ ಅಲಗನ್ನು ನೆಚ್ಚಿಕೊಂಡಿದ್ದವು.

ನಾನು ಹೆಟ್ಟಿ. ಊರಿಗೆ ಇರುವ ಒಂದೇ ಔಷಧಿ ಅಂಗಡಿಯನ್ನು ನಡೆಸಿದವಳು. ಎರ್ನಾಳ ತಮ್ಮ ರೂಬೆನ್‌ಗೆ ಪ್ರತಿ ವಸಂತದಲ್ಲಿ ಸೀನಿನ ಮಾತ್ರೆ ಕೊಟ್ಟವಳೂ ನಾನೇ.

ಅಕ್ಕ ತಮ್ಮ ಇಬ್ಬರೂ ಮದುವೆಯಾಗಲಿಲ್ಲ. ಹಳಿಯ ಪಕ್ಕದ ಮರದ ಮನೆಯಲ್ಲಿ ಒಟ್ಟಿಗೇ ಇದ್ದರು. ರೂಬೆನ್ ಗೋಧಿ ತುಂಬುವ ದೊಡ್ಡ ಕಣಜಗಳಲ್ಲಿ ಕೆಲಸ ಮಾಡುತ್ತಿದ್ದ. ಉದ್ದ ಕೈಕಾಲಿನ, ಎಲ್ಲದಕ್ಕೂ ನಗುವ ಮನುಷ್ಯ. ವಸಂತ ಬಂತೆಂದರೆ ಅವನ ಕಣ್ಣು ಕೆಂಡ, ಮೂಗು ನಲ್ಲಿ. ಅವನು ಸೀನಿದರೆ ಯಾವಾಗಲೂ ಮೂರು ಸೀನು, ಹೆಚ್ಚಿಲ್ಲ ಕಡಿಮೆಯಿಲ್ಲ. ಮೂರನೆಯದು ಮುಗಿದ ಮೇಲೆ ಕರ್ಚೀಫು ಮಡಚುತ್ತಾ, “ಆಯ್ತು, ಅಂಗಡಿ ಮುಚ್ತು” ಎನ್ನುತ್ತಿದ್ದ. ಚರ್ಚಿನಲ್ಲಿ ಪಾದ್ರಿಗಳು ಮೂರನೆಯ ಸೀನಿಗಾಗಿ ಕಾದು ಆಮೇಲೆ ಪ್ರವಚನ ಮುಂದುವರಿಸುತ್ತಿದ್ದರು.

ಆ ವರ್ಷ ಅಕ್ಟೋಬರಿನಲ್ಲಿ ಎರ್ನಾ ತಮ್ಮದೇ ಮನೆಯ ಹಿಂದಿನ ಹಳಿಪಟ್ಟಿಯನ್ನು ಕೊಯ್ಯಲು ಹೋದಾಗ ಒಂದು ಟಿಟ್ಟಿಭ ಹಕ್ಕಿ ಕಿರುಚುತ್ತಾ ಯಂತ್ರದ ಮೇಲೆರಗಿತು. ಇಳಿದು ನೋಡಿದರೆ ಹುಲ್ಲಿನ ನಡುವೆ ಬರಿ ನೆಲದಲ್ಲಿ ನಾಲ್ಕು ಮೊಟ್ಟೆ. ಎರ್ನಾ ಯಂತ್ರವನ್ನು ಹಿಂದಕ್ಕೆ ತೆಗೆದಳು. ಮರಿ ಹಾರಲಿ, ಆಮೇಲೆ ಬಂದು ಕೊಯ್ದರಾಯಿತು ಎಂದುಕೊಂಡಳು. ಇನ್ನೂರು ಗಜ ಉದ್ದ, ನಾಲ್ಕು ಗಜ ಅಗಲದ ಪಟ್ಟಿ. ಅಷ್ಟರಲ್ಲಿ ಅವಳನ್ನು ಊರಾಚೆಯ ಹೆದ್ದಾರಿಗೆ ಕಳಿಸಿದರು. ಪಟ್ಟಿ ಹಾಗೇ ಉಳಿಯಿತು. ಹುಲ್ಲು ಸೊಂಟದೆತ್ತರ ಬೆಳೆದು ಹೂ ಬಿಟ್ಟಿತು.

ನವೆಂಬರಿನ ಒಂದು ಶನಿವಾರ. ಬೆಳಗಿನಿಂದ ಉತ್ತರದ ಬಿಸಿಗಾಳಿ, ಬಾಯಿ ತೆರೆದರೆ ನಾಲಿಗೆ ಒಣಗುವಷ್ಟು. ಸಂಜೆ ಆರರ ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟಿತು. ಎರ್ನಾ ಒಲೆಯ ಮುಂದೆ ಕುರಿಮಾಂಸದ ತುಂಡು ಹುರಿಯುತ್ತಿದ್ದಳು. ರೂಬೆನ್ ವರಾಂಡದಿಂದ ಕರೆದ.

“ಎರ್ನಾ, ಬೇಗ ಬಾ. ಮೋಡ ನೋಡು ಬಾ, ಗೋಡೆ ಎದ್ದಂಗೆ ಎದ್ದಿದೆ.”

“ಒಲೆ ಮೇಲಿದೆ ಕಣೋ. ನೀನು ನೋಡಿ ಹೇಳು.”

“ಇಂಥಾದ್ದು ಹೇಳೋಕಾಗಲ್ಲ ಮಾರಾಯ್ತಿ.”

ಮಳೆ ಇನ್ನೂ ಬಿದ್ದಿರಲಿಲ್ಲ. ಮೋಡದ ಕೆಳಗಿನಿಂದ ತಣ್ಣನೆಯ ಗಾಳಿ ಒಮ್ಮೆಗೇ ನುಗ್ಗಿತು. ಇಡೀ ದಿನ ಬೆಂದಿದ್ದವನಿಗೆ ಅದು ಹಬ್ಬ. ಅಂಗಿಯ ಗುಂಡಿ ಬಿಚ್ಚಿ, ಕೈ ಚಾಚಿ ನಿಂತಿದ್ದನ್ನು ಎರ್ನಾ ಕಿಟಕಿಯಿಂದ ಕಂಡಳು. ಕಾಲು ಗಂಟೆಯ ನಂತರ ಕೆಮ್ಮುತ್ತಾ ಒಳಗೆ ಬಂದ. ಎರಡು ಸಲ ಸೀನಿದ. ಮೂರನೆಯದು ಬರಲಿಲ್ಲ. ಕುರ್ಚಿಯ ಬೆನ್ನು ಹಿಡಿದುಕೊಂಡು, “ಎದೆ ಕಟ್ಕೊಂಡಂಗಿದೆ ಕಣೇ” ಎಂದ. ಅವನಿಗೆ ಉಬ್ಬಸವೆಂಬುದು ಎಂದೂ ಇರಲಿಲ್ಲ, ಹಾಗೆಂದು ಊರವರೆಲ್ಲ ತಿಳಿದಿದ್ದರು. ಅವಳು ಬಿಸಿ ಚಹಾ ಕೊಟ್ಟಳು, ಬೆನ್ನು ತಿಕ್ಕಿದಳು. ತುಟಿ ನೀಲಿಯಾದಾಗ ಆಂಬುಲೆನ್ಸಿಗೆ ಫೋನು ಮಾಡಿದಳು. ಆ ಸಂಜೆ ಸುತ್ತಲಿನ ಊರುಗಳಿಂದೆಲ್ಲ ಅದೇ ಕರೆ ಹೋಗುತ್ತಿತ್ತು. ಗಾಡಿ ಬರುವಾಗ ಒಂದು ಗಂಟೆ ಕಳೆದಿತ್ತು. ರೂಬೆನ್ ಏಳೂ ಇಪ್ಪತ್ತಕ್ಕೇ, ಅಡಿಗೆಮನೆಯ ಕುರ್ಚಿಯಲ್ಲಿ ಕೂತಂತೆಯೇ ಹೋಗಿಬಿಟ್ಟಿದ್ದ. ಹೊರಗೆ ಇನ್ನೂ ಬೆಳಕಿತ್ತು.

ಮರುದಿನ ಭಾನುವಾರ. ಹೆಣ ಇನ್ನೂ ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿತ್ತು. ಎರ್ನಾ ಯಾರನ್ನೂ ಕೇಳದೆ ಪುರಸಭೆಯ ಅಂಗಳದಿಂದ ಟ್ರ್ಯಾಕ್ಟರು ತಂದು ಆ ಪಟ್ಟಿಯನ್ನು ಕೊಯ್ದಳು. ಹುಲ್ಲು ಒದ್ದೆಯಾಗಿತ್ತು, ಅಲಗಿಗೆ ಸುತ್ತಿಕೊಳ್ಳುತ್ತಿತ್ತು; ಇಳಿದು ಕೈಯಲ್ಲಿ ಕಿತ್ತು ಮತ್ತೆ ಹತ್ತುತ್ತಿದ್ದಳು. ನಾನು ಸೂಪಿನ ಪಾತ್ರೆ ಹಿಡಿದು ಬೇಲಿಯ ಬಳಿ ನಿಂತಿದ್ದೆ. ಗೂಡು ಖಾಲಿಯಾಗಿತ್ತು. ಮರಿಗಳು ಯಾವತ್ತೋ ಹೋಗಿದ್ದವು.

“ಹತ್ತು ದಿನದ ಹಿಂದೇನೇ ಕೊಯ್ಬೋದಿತ್ತು” ಎಂದಳು.

ಮುಂದಿನ ವಸಂತದಲ್ಲಿ ಶುರುವಾಯಿತು. ಸ್ಮಶಾನದ ಬಳಿ ಯಂತ್ರ ನಿಲ್ಲಿಸಿ ಬುತ್ತಿ ಬಿಚ್ಚಿದಾಗ ಹಿಂದಿನಿಂದ ಯಾರೋ ಸೀನಿದರಂತೆ. ಮತ್ತೊಮ್ಮೆ. ಅವಳು ತಿರುಗಿ ನೋಡಲಿಲ್ಲ, ಮೂರನೆಯದಕ್ಕೆ ಕಾದಳು. ಅದು ಬರಲಿಲ್ಲ. ಆಮೇಲೆ ಬಿಸಿಗಾಳಿ ಬೀಸಿದ ದಿನಗಳಲ್ಲೆಲ್ಲ ಅದೇ: ಬಟ್ಟೆ ಒಗೆಯುವ ಕೋಣೆಯಲ್ಲಿ, ವರಾಂಡದಲ್ಲಿ, ಒಮ್ಮೆ ಚರ್ಚಿನ ಖಾಲಿ ಬೆಂಚಿನ ಕಡೆಯಿಂದ. ಎರಡು ಸೀನು, ಆಮೇಲೆ ನಿಶ್ಶಬ್ದ. ಇದನ್ನು ಅವಳು ನನ್ನೊಬ್ಬಳಿಗೆ ಹೇಳಿದಳು, ಅದೂ ಅಂಗಡಿಯ ಕೌಂಟರಿಗೆ ಮುಖ ಮಾಡದೆ, ಶಾಂಪೂ ಬಾಟಲಿಗಳನ್ನು ನೋಡುತ್ತಾ.

“ನಿದ್ದೆ ಮಾಡ್ತಿದ್ದೀಯಾ?” ಕೇಳಿದೆ.

“ನಿದ್ದೆಗೇನು. ಹಗಲಲ್ಲೇ ಬರ್ತಾನೆ ಅವನು.”

ನಾನು ಡಾಕ್ಟರರ ಬಳಿ ಹೋಗು ಎಂದೆ. ಅವಳು ಹೋಗಲಿಲ್ಲ. ಒಂದು ಸಂಜೆ ಅವಳ ಅಡಿಗೆಮನೆಯಲ್ಲಿ ನಾವಿಬ್ಬರೂ ಕೂತಿದ್ದಾಗ ಎರ್ನಾ ಬಾಯಿಗೆತ್ತಿದ ಬಟ್ಟಲನ್ನು ಅರ್ಧಕ್ಕೇ ತಡೆದಳು. ವರಾಂಡದ ಕಡೆಯಿಂದ ನನಗೂ ಏನೋ ಕೇಳಿಸಿತು. ಹಲಗೆ ಬಿಸಿಲಿಗೆ ಸಿಡಿದ ಸದ್ದಿರಬಹುದು, ಹಕ್ಕಿಯಿರಬಹುದು. ನಾನು ಅವಳ ಮುಖ ನೋಡಲಿಲ್ಲ. ಬೇಗ ಎದ್ದು ಮನೆಗೆ ಬಂದೆ.

ಎರಡು ವರ್ಷದ ಮೇಲೆ ವಿಶ್ವವಿದ್ಯಾಲಯದಿಂದ ಲಿಯೆನ್ ಎಂಬ ಹೆಂಗಸು ಬಂದು ಪುರಸಭೆ ಕಟ್ಟಡದ ಮಾಡಿನ ಮೇಲೆ ಪರಾಗ ಹಿಡಿಯುವ ಪೆಟ್ಟಿಗೆಯೊಂದನ್ನು ನಿಲ್ಲಿಸಿದಳು. ಗಾಳಿಯನ್ನು ಎಳೆದುಕೊಂಡು ಅಂಟಿನ ಪಟ್ಟಿಯ ಮೇಲೆ ಪುಡಿ ಕೂರಿಸುವ ಯಂತ್ರ. ದಿನಾ ಒಬ್ಬರು ಏಣಿ ಹತ್ತಿ ಪಟ್ಟಿ ಬದಲಿಸಬೇಕಿತ್ತು. ಎರ್ನಾ ತಾನು ಮಾಡುತ್ತೇನೆಂದಳು. ಲಿಯೆನ್ ಸೂಕ್ಷ್ಮದರ್ಶಕದ ಮುಂದೆ ಅವಳನ್ನು ಕೂರಿಸಿದ ದಿನ ನಾನೂ ಹೋಗಿದ್ದೆ.

“ದುಂಡಗೆ ಕಾಣ್ತಿದೆಯಲ್ಲ, ಮಧ್ಯೆ ಒಂದೇ ತೂತು? ಅದೇ ಹುಲ್ಲಿಂದು.”

“ಇಷ್ಟೇನಾ?”

“ಇಷ್ಟೇ. ಇಡಿಯಾಗಿದ್ರೆ ಮೂಗಲ್ಲೇ ನಿಲ್ಲುತ್ತೆ, ಸೀನಿಸುತ್ತೆ. ಮೋಡದ ಒಳಗೆ ತೇವ ಹೀರಿ ಒಡೆದ್ರೆ ನೂರಾರು ಚೂರಾಗುತ್ತೆ. ಮಳೆಗೆ ಮುಂಚೆ ಬರೋ ತಣ್ಣನೆ ಗಾಳಿ ಅದನ್ನ ನೆಲದ ಮಟ್ಟಕ್ಕೆ ತಂದು ಸುರಿಯುತ್ತೆ. ಚೂರು ಸೀದಾ ಎದೆಗೆ ಇಳಿಯುತ್ತೆ.”

ಎರ್ನಾ ಮಸೂರದಿಂದ ಕಣ್ಣು ತೆಗೆಯದೆ ಕೇಳಿದಳು, “ಎಲ್ಲಿಂದ ಬರುತ್ತೆ?”

“ನೂರು ಕಿಲೋಮೀಟರಿಂದ್ಲೂ ಬರಬಹುದು. ಬಯಲು ಪೂರ್ತಿ ಹುಲ್ಲೇ ಅಲ್ವಾ.”

“ನಮ್ಮನೆ ಹಿಂದೆ ಒಂದು ಪಟ್ಟಿ ಇತ್ತು. ಕೊಯ್ದಿರ್ಲಿಲ್ಲ.”

ಲಿಯೆನ್‌ಗೆ ಅಷ್ಟು ಹೊತ್ತಿಗೆ ಊರವರು ಯಾರೋ ಹೇಳಿದ್ದಿರಬೇಕು. ಮೆಲ್ಲಗೆ ಉತ್ತರಿಸಿದಳು. “ಆ ಪಟ್ಟಿ ಸಮುದ್ರಕ್ಕೆ ಒಂದು ಚಮಚ ನೀರಿದ್ದಂಗೆ, ಎರ್ನಾ. ಅದರಿಂದ ಏನೂ ಆಗಿರಲ್ಲ.”

“ಅವನ ಎದೆಗೆ ಹೋದದ್ರಲ್ಲಿ ಅದರದ್ದು ಒಂದು ಚೂರೂ ಇರ್ಲಿಲ್ಲ ಅಂತ ಹೇಳಕ್ಕಾಗುತ್ತಾ?”

“ಅದನ್ನ ಯಾರೂ ಹೇಳಕ್ಕಾಗಲ್ಲ.”

“ಸರಿ ಬಿಡು” ಎಂದಳು ಎರ್ನಾ. ದಾರಿಯಲ್ಲಿ ನನಗೆ ಹೇಳಿದಳು, “ಅದು ನನ್ನ ಹುಲ್ಲಲ್ಲ ಅಂದ್ರೆ, ಅವನು ಏನೂ ಕಾರಣ ಇಲ್ದೆ ಸತ್ತಂಗಾಯ್ತು. ಅದನ್ನ ನಾನು ಹೊರಲಾರೆ ಹೆಟ್ಟಿ. ಇದನ್ನ ಹೊರಬಲ್ಲೆ.”

ಆಮೇಲೆ ಅವಳು ಮನೆಮನೆಗೆ ಹೋಗತೊಡಗಿದಳು. ಆಗಸ್ಟ್ ಮುಗಿಯುವ ಮೊದಲೇ, ಹುಲ್ಲು ಇನ್ನೂ ಬೆರಳುದ್ದ ಇರುವಾಗಲೇ. ಸೀನುವವರು ಯಾರ್‍ಯಾರೆಂದು ಅವಳಿಗೆ ಬಾಯಿಪಾಠ. ಮೂಗಿನ ಸ್ಪ್ರೇಯನ್ನು ಸೀನು ಬಂದ ಮೇಲಲ್ಲ, ಬರುವುದಕ್ಕೆ ವಾರಗಳ ಮೊದಲಿಂದ ದಿನಾ ಹಾಕಿಕೊಳ್ಳಬೇಕೆಂದು ನಾನು ಅವಳಿಗೆ ಹೇಳಿಕೊಟ್ಟಿದ್ದೆ. ಅವಳು ಅದನ್ನು ಊರಿಗೇ ಕಲಿಸಿದಳು. “ಕತ್ತು ಮೇಲಕ್ಕೆತ್ತಬೇಡ, ಬಿಯರ್ ಕುಡಿಯೋದಲ್ಲ ಇದು. ತಲೆ ಬಗ್ಸು. ತುದಿ ಕಿವಿ ಕಡೆ ತಿರುಗ್ಸು. ಜೋರಾಗಿ ಎಳ್ಕೋಬೇಡ.” ಬಿಸಿಗಾಳಿಯ ದಿನ ಒಗೆದ ಬಟ್ಟೆ ಒಳಗೇ ಒಣಹಾಕಬೇಕು. ಹೊರಗಿಂದ ಬಂದರೆ ಮುಖ ತಲೆ ತೊಳೆಯಬೇಕು. ಸಿಡಿಲುಮೋಡ ಕಟ್ಟಿದರೆ ಗಾಳಿ ತಿರುಗುವ ಮೊದಲೇ ಒಳಗೆ ಸೇರಿ ಕಿಟಕಿ ಮುಚ್ಚಬೇಕು. ಎದೆ ಬಿಗಿದಾಗ ಬಾಯಿಂದ ಎಳೆದುಕೊಳ್ಳುವ ನೀಲಿ ಪಂಪು ಉಬ್ಬಸದವರ ಜೇಬಿನಲ್ಲಿರಬೇಕು, ಡಾಕ್ಟರು ಕೊಟ್ಟ ದಿನನಿತ್ಯದ ಪಂಪನ್ನು ತಪ್ಪಿಸಬಾರದು.

ಕೇಳಿದವರು ಕೆಲವರು. ಉಳಿದವರಿಗೆ ಅವಳು ತಮಾಷೆ. ಎಲ್ಲರಿಗಿಂತ ಮುಂದೆ ಮರ್ವ್ ಟಲ್ಲಿ. ಕ್ರಿಕೆಟ್ ಅಂಪೈರು, ರೂಬೆನ್‌ನ ಜೊತೆ ಕಣಜದಲ್ಲಿ ಕೆಲಸ ಮಾಡಿದವನು, ತಾನೂ ವಸಂತವಿಡೀ ಸೀನುವವನು.

“ಬಂದ್ಲಪ್ಪ ಮೂಗಿನ ಇನ್‌ಸ್ಪೆಕ್ಟರು. ಗೇಟಿಗೆ ಚಿಲಕ ಹಾಕ್ರೋ.”

“ನಿನ್ನ ಮೂಗಿಗೆ ಹಾಕ್ಬೇಕು ಚಿಲಕ. ಸ್ಪ್ರೇ ಶುರು ಮಾಡಿದ್ಯಾ?”

“ನನಗೆ ಇರೋದು ಬರೀ ಸೀನು ಕಣಮ್ಮ. ಸೀನಿ ಯಾರಾದ್ರೂ ಸತ್ತಿದ್ದಾರಾ?”

ಹೇಳಿದ ಮೇಲೆ ಅವನಿಗೇ ಹೊಳೆದು ಮುಖ ಬಿಳಿಚಿತು. ಎರ್ನಾ ಗೇಟಿನಿಂದ ತಿರುಗಿದಳು. ಮುಂದಿನ ಮನೆಯ ಬಾಗಿಲು ತಟ್ಟಿದಳು.

ರೂಬೆನ್ ಹೋದ ಏಳನೆಯ ವರ್ಷ, ಮತ್ತೆ ನವೆಂಬರು, ಮತ್ತೆ ಶನಿವಾರ. ಬೆಳಿಗ್ಗೆ ಅವಳು ಪರಾಗದ ಪೆಟ್ಟಿಗೆಯ ಪಟ್ಟಿ ಬದಲಿಸಲು ಮಾಡು ಹತ್ತಿದಾಗ ತಗಡಿನ ಮೇಲೆ ಹಳದಿ ಪುಡಿ ಬೆರಳಚ್ಚು ಮೂಡುವಷ್ಟು ಕೂತಿತ್ತಂತೆ. ಹಿಂದಿನ ದಿನದ ಎಣಿಕೆ ಆ ವರ್ಷದಲ್ಲೇ ಅತಿ ಹೆಚ್ಚೆಂದು ಲಿಯೆನ್ ಫೋನು ಮಾಡಿದ್ದಳು. ಐದರ ಸುಮಾರಿಗೆ ಸಿಡಿಲು ಮಳೆಯೆಂದು ರೇಡಿಯೋ ಹೇಳಿತು. ಮೈದಾನದಲ್ಲಿ ಪಕ್ಕದ ಊರಿನವರೊಂದಿಗೆ ಪಂದ್ಯವಿತ್ತು, ಹೆಂಗಸರು ಮಕ್ಕಳು ಸೇರಿ ಅರವತ್ತು ಜನ. ಎರ್ನಾ ಮಧ್ಯಾಹ್ನ ಎರಡಕ್ಕೆ ಒಂದು ಸಲ, ಮೂರಕ್ಕೆ ಇನ್ನೊಂದು ಸಲ ಹೋಗಿ ಪಂದ್ಯ ಬೇಗ ಮುಗಿಸಿ ಎಂದು ಕೇಳಿದಳು. ಇನ್ನು ಹನ್ನೆರಡು ಓವರು, ಆಮೇಲೆ ನೋಡೋಣ ಎಂದರು.

ನಾಲ್ಕೂವರೆಗೆ ಪಶ್ಚಿಮದಲ್ಲಿ ಮೋಡ ಗೋಡೆಯಂತೆ ನಿಂತಿತು. ನಾನು ಅಂಗಡಿಯಿಂದ ನೀಲಿ ಪಂಪುಗಳ ಪೆಟ್ಟಿಗೆಯನ್ನೂ ಉಸಿರೆಳೆಯುವ ಪ್ಲಾಸ್ಟಿಕ್ ಕೊಳವೆಗಳನ್ನೂ ಹೊತ್ತುಕೊಂಡು ಮೈದಾನಕ್ಕೆ ಬರುವಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು. ಎರ್ನಾ ಗೇಟು ದಾಟಿ, ಬೌಂಡರಿ ದಾಟಿ, ನೇರ ಪಿಚ್ಚಿನ ಮೇಲೆ ತಂದು ನಿಲ್ಲಿಸಿ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡಳು. ಹಸಿರು ಪಿಚ್ಚಿನಲ್ಲಿ ಚಕ್ರದ ಎರಡು ಗಾಯ ಎದ್ದವು.

ಮರ್ವ್ ಓಡಿ ಬಂದ. “ನಿಂಗೆ ತಲೆ ಕೆಟ್ಟಿದೆಯಾ? ಈ ಪಿಚ್ಚಿಗೆ ಎಷ್ಟು ತಿಂಗಳು ಬೇಕಾಯ್ತು ಗೊತ್ತಾ?”

“ಕೆಟ್ಟಿದೆ. ಎಲ್ಲಾ ಚರ್ಚಿನ ಹಾಲ್‌ಗೆ ನಡೀರಿ. ಈಗ್ಲೇ.”

“ಒಬ್ಬನಿಗೆ ಹಂಗಾಯ್ತು ಅಂತ ಊರೆಲ್ಲ ನಿನ್ನ ಜೊತೆ ಹೆದರ್ಕೊಂಡು ಕೂರ್ಬೇಕಾ?”

“ಹೌದು ಮರ್ವ್. ಒಂದು ಗಂಟೆ ಕೂತ್ಕೊಳ್ಳಿ. ನಾನು ಏಳು ವರ್ಷ ಕೂತಿದ್ದೀನಿ.”

ಅದನ್ನು ಅವಳು ಕೂಗಿ ಹೇಳಲಿಲ್ಲ. ಪಿಚ್ಚಿನ ಮೇಲೆ ಟ್ರ್ಯಾಕ್ಟರ್ ಇರುವಾಗ ಆಡುವುದಾದರೂ ಹೇಗೆ? ಜನ ಗೊಣಗುತ್ತಾ ಹಾಲ್‌ಗೆ ನಡೆದರು. ಕಿಟಕಿಗಳನ್ನು ಮುಚ್ಚಿದೆವು, ಬಾಗಿಲಿನ ಸಂದಿಗೆ ಒದ್ದೆ ಟವೆಲು ತುರುಕಿದೆವು. ಒಳಗೆ ಬೆವರಿನ ವಾಸನೆ, ಮಕ್ಕಳ ಅಳು. ಮರ್ವ್ ಮಾತ್ರ ಬರಲಿಲ್ಲ. ಮೈದಾನದ ನಡುವೆ ಮೊಣಕಾಲೂರಿ ಚಕ್ರದ ಗುರುತನ್ನು ಕೈಯಿಂದ ತಟ್ಟಿ ಕೂರಿಸುತ್ತಿದ್ದ.

ಗಾಳಿ ತಿರುಗಿತು. ಗಾಜಿನಾಚೆ ನೀಲಗಿರಿ ಮರಗಳೆಲ್ಲ ಒಂದೇ ಕಡೆಗೆ ಬಾಗಿದವು, ಮೈದಾನದ ಮೇಲೆ ಧೂಳಿನ ಪರದೆ ಎದ್ದಿತು. ಹನಿ ಇನ್ನೂ ಬಿದ್ದಿರಲಿಲ್ಲ. ಎರ್ನಾ ಕಿಟಕಿಗೆ ಹಣೆ ಹಚ್ಚಿ ನಿಂತಿದ್ದಳು. ಮರ್ವ್ ಎದ್ದು ನಿಂತ. ಕೆಮ್ಮಿದ. ನಾಲ್ಕು ಹೆಜ್ಜೆ ನಮ್ಮ ಕಡೆಗೆ ಬಂದು ಮತ್ತೆ ಕೂತ, ಎರಡೂ ಕೈ ತೊಡೆಯ ಮೇಲೂರಿ, ಭುಜ ಕಿವಿಗೆ ತಾಗುವಂತೆ. ಎರ್ನಾ ಒದ್ದೆ ಟವೆಲನ್ನು ಬಾಯಿಗೆ ಕಟ್ಟಿಕೊಂಡು ಬಾಗಿಲು ತೆರೆದಳು. ನಾನು ಬೇಡವೆನ್ನಲಿಲ್ಲ.

ಅವಳು ಅವನನ್ನು ಹೇಗೆ ಎಳೆದು ತಂದಳೋ, ಅರವತ್ತೆರಡರ ಹೆಂಗಸು. ಒಳಗೆ ಕೂರಿಸಿ ಪಂಪು ಸಿಕ್ಕಿಸಿದ ಕೊಳವೆಯನ್ನು ಅವನ ಬಾಯಿಗಿಟ್ಟಳು. ಒಂದು ಸಲ ಒತ್ತಿ, ನಾಲ್ಕು ಉಸಿರು. ಮತ್ತೆ ಒತ್ತಿ, ನಾಲ್ಕು ಉಸಿರು. ಹಾಗೆ ನಾಲ್ಕು ಸಲ. ಆಮೇಲೆ ನಾಲ್ಕು ನಿಮಿಷ ಕಾಯಬೇಕು. ನಾನು ಗಡಿಯಾರ ಹಿಡಿದಿದ್ದೆ. ಅಷ್ಟು ಉದ್ದದ ನಾಲ್ಕು ನಿಮಿಷವನ್ನು ನಾನು ಕಂಡಿಲ್ಲ.

“ಮಾತಾಡಬೇಡ. ನನ್ನ ಮುಖ ನೋಡು, ನೆಟ್ಟಗೆ ಕೂತ್ಕೋ. ಬಿಡು ಉಸ್ರು. ಹಾಂ, ಹಂಗೆ.”

ಮರ್ವ್‌ನ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು. ಐವತ್ತು ನಿಮಿಷಕ್ಕೆ ಆಂಬುಲೆನ್ಸ್ ಬರುವವರೆಗೆ ಅದೇ ಸರತಿ. ಹಾಲ್‌ನೊಳಗೆ ಇನ್ನಿಬ್ಬರಿಗೆ ಸ್ವಲ್ಪ ಎದೆ ಬಿಗಿದು, ಪಂಪಿಗೆ ಇಳಿಯಿತು. ಊರಿನಲ್ಲಿ ಯಾರೂ ಸಾಯಲಿಲ್ಲ. ಮರ್ವ್ ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದ.

ಮಳೆ ನಿಂತ ಮೇಲೆ ಎಲ್ಲರೂ ಹೋದರು. ನಾನು ಎರ್ನಾ ಇಬ್ಬರೇ ಹಾಲ್‌ನ ಮೆಟ್ಟಿಲ ಮೇಲೆ ಕೂತಿದ್ದೆವು.

“ಅವನನ್ನ ಉಳಿಸ್ದೆ ನೀನು” ಎಂದೆ.

“ಆ ಪಂಪು ಉಳಿಸ್ತು. ರೂಬೆನ್‌ಗೂ ಇಷ್ಟೇ ಸಾಕಾಗಿತ್ತೇನೋ. ಡಾಕ್ಟರ್ ಚೀಟಿ ಇಲ್ದೇನೂ ಕೊಡ್ತೀಯಲ್ಲ ನೀನು ಇದನ್ನ? ನಿನ್ನ ಅಂಗಡೀಲೇ ಇತ್ತು, ನಮ್ಮನೆಯಿಂದ ಮುನ್ನೂರು ಹೆಜ್ಜೆ. ಅವನಿಗೆ ಉಬ್ಬಸ ಇದೆ ಅಂತ ಗೊತ್ತಿದ್ರೆ ನಾನು ಓಡಿ ಬರ್ತಿದ್ದೆ. ಗೊತ್ತಿರ್ಲಿಲ್ವೇ.”

ಏಳು ವರ್ಷ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಮೆಟ್ಟಿಲ ಮೇಲೆ ಆಗಲಿಲ್ಲ.

“ನಂಗೆ ಗೊತ್ತಿತ್ತು ಎರ್ನಾ.”

ಅವಳು ತಿರುಗಿದಳು.

“ಆ ಅಕ್ಟೋಬರಲ್ಲಿ ಮಾತ್ರೆಗೆ ಬಂದಾಗ ಹೇಳ್ದ. ಸಂಜೆ ಹೊತ್ತು ಎದೇಲಿ ಸಣ್ಣಗೆ ಸೀಟಿ ಹೊಡ್ದಂಗೆ ಆಗುತ್ತೆ ಹೆಟ್ಟಿ, ಪಿಟೀಲು ಇಟ್ಕೊಂಡಂಗೆ ಅಂತ. ನಾನು ನಕ್ಕೆ. ಕಣಜದ ಧೂಳು ಕುಡೀತೀಯ, ಇನ್ನೇನಾಗುತ್ತೆ ಅಂದೆ. ಅಂಗಡೀಲಿ ಜನ ನಿಂತಿದ್ರು. ಡಾಕ್ಟರ್ ಹತ್ರ ಹೋಗು ಅನ್ಲಿಲ್ಲ. ಪಂಪು ನನ್ನ ಬೆನ್ನ ಹಿಂದಿನ ಕಪಾಟಲ್ಲೇ ಇತ್ತು, ಕೊಡ್ಲಿಲ್ಲ.”

ಚರ್ಚಿನ ಮಾಡಿನಿಂದ ನೀರು ಇಳಿಯುತ್ತಿತ್ತು. ಎರ್ನಾ ಅದನ್ನೇ ನೋಡುತ್ತಾ ಅಂದಳು, “ಆ ಭಾನುವಾರ ನಾನು ಹುಲ್ಲು ಕೊಯ್ವಾಗ ನೀನು ಬೇಲಿ ಹತ್ರ ನಿಂತಿದ್ದೆ.”

“ನಿಂತಿದ್ದೆ.”

“ಸೂಪು ತಂದಿದ್ದೆ.”

“ಹೌದು.”

ಎದ್ದು ಹೋದಳು. ಟ್ರ್ಯಾಕ್ಟರು ಮೈದಾನದಲ್ಲೇ ಉಳಿಯಿತು. ಸೋಮವಾರ ಬೇರೆ ಯಾರೋ ತೆಗೆದರು. ಪುರಸಭೆ ಅವಳಿಗೆ ಎಚ್ಚರಿಕೆಯ ಪತ್ರ ಕೊಟ್ಟಿತು. ಮರ್ವ್ ಹುಷಾರಾಗಿ ಬಂದು ಪಿಚ್ಚನ್ನು ತಾನೇ ಸರಿಮಾಡಿದ. ಮುಂದಿನ ಆಗಸ್ಟಿನಲ್ಲಿ ಅಂಗಡಿಗೆ ಬಂದು, “ಆ ಮೂಗಿಂದು ಕೊಡು. ತಲೆ ಬಗ್ಸೋದು ತಾನೇ?” ಎಂದ.

ಎರ್ನಾ ಹತ್ತು ತಿಂಗಳು ನನ್ನ ಅಂಗಡಿಗೆ ಕಾಲಿಡಲಿಲ್ಲ. ತನ್ನ ಔಷಧಿಯನ್ನು ನಲವತ್ತು ಕಿಲೋಮೀಟರು ದೂರದ ಪಟ್ಟಣದಿಂದ ತರುತ್ತಿದ್ದಳು. ಚರ್ಚಿನಲ್ಲಿ ಬೆಂಚು ಬದಲಿಸಿದಳು. ಬಿಸಿಗಾಳಿಯ ಸಂಜೆಗಳಲ್ಲಿ ನಾನು ಅಂಗಡಿ ಮುಚ್ಚುವಾಗ ಕಪಾಟಿನ ಕಡೆ ಬೆನ್ನು ತಿರುಗಿಸಲು ಅಂಜುತ್ತಿದ್ದೆ. ಕೇಳಿಸುತ್ತಿದ್ದುದು ಸೀನಲ್ಲ. ಸಣ್ಣಗೆ, ಬಹಳ ಸಣ್ಣಗೆ, ಯಾರೋ ಪಿಟೀಲಿನ ಒಂದೇ ತಂತಿಯನ್ನು ಎಳೆದಂತೆ. ಫ್ರಿಜ್ಜಿನ ಸದ್ದೆಂದು ಫ್ರಿಜ್ಜು ಬದಲಿಸಿದೆ.

ಎಂದಿಗಿಂತ ತಡವಾಗಿ, ಸೆಪ್ಟೆಂಬರ್ ಮೊದಲ ದಿನ ಬಾಗಿಲ ಗಂಟೆ ಅಲುಗಿತು. ಎರ್ನಾ ಕೌಂಟರಿನ ಮುಂದೆ ನಿಂತು ಹೆಸರುಗಳ ಹಾಳೆಯನ್ನಿಟ್ಟಳು. ಆ ವರ್ಷ ಕೆಲಸದಿಂದ ನಿವೃತ್ತಳಾಗಿದ್ದಳು, ಮೊಣಕಾಲು ಹಿಡಿದುಕೊಂಡಿತ್ತು.

“ಈ ಸಲ ನಂಗೆ ಎಲ್ಲಾ ಮನೆ ನಡೆಯೋಕಾಗಲ್ಲ. ಬರ್ತೀಯಾ?”

“ಬರ್ತೀನಿ.”

“ನೀನು ಕ್ಷಮೆ ಕೇಳ್ಬೇಡ. ಕೇಳಿದ್ರೆ ನಾನು ಏನಾದ್ರೂ ಹೇಳ್ಬೇಕಾಗುತ್ತೆ.”

ಅಂಗಡಿಗೆ ಬೀಗ ಹಾಕಿ ಅವಳ ಹಿಂದೆ ಹೊರಟೆ. ಅವಳು ರಸ್ತೆಯ ಎಡಗಡೆಯ ಮನೆಗಳನ್ನು ಹಿಡಿದಳು, ಬಲಗಡೆಯದನ್ನು ಕೈಯಿಂದ ನನಗೆ ತೋರಿಸಿದಳು. ಅಂದಿನಿಂದ ಪ್ರತಿ ವರ್ಷ ಹಾಗೇ ನಡೆಯುತ್ತಿದ್ದೇವೆ. ಒಬ್ಬರ ದನಿ ಒಬ್ಬರಿಗೆ ಕೇಳುವಷ್ಟು ಹತ್ತಿರ, ನಡುವೆ ರಸ್ತೆ.